ಎರಡನೇ ಶನಿವಾರ, ಸಾರಿನ ಪುಡಿ, ಸಂಪು: ಮನೆಗೆಲಸ ಹಂಚಿಕೊಂಡು ಮಾಡ್ತೀರಾ, ಜೊತೆಗೆ ಕೂತು ಮಾಡ್ತೀರಾ?

ಮಹಡಿಮನೆ (ಬೆಂಗಳೂರು)

ನನ್ನ ಹೆಂಡತಿ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ. ಬ್ಯಾಂಕುಗಳಿಗೆ 2015ರ ಸೆಪ್ಟೆಂಬರ್‌ನಿಂದ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಉಳಿದ ಶನಿವಾರ ಪೂರ್ತಿ ದಿನ ಕೆಲಸ. ನನಗೆ ವಾರಕ್ಕೆ ಐದೇ ದಿನ. ಅಂದರೆ ಇಬ್ಬರೂ ಎರಡು ದಿನ ಒಟ್ಟಿಗೆ ಮನೆಯಲ್ಲಿ ಸಿಗುವುದು ತಿಂಗಳಿಗೆ ಎರಡು ಸಲ. ಮದುವೆಯಾಗಿ ಆರು ವರ್ಷವಾಯಿತು. ಮೊದಲೆಲ್ಲ ಆ ಎರಡು ದಿನ ಸಿಕ್ಕರೆ ಸಾಕು, ಊರು ಬಿಟ್ಟು ಹೊರಡುತ್ತಿದ್ದೆವು. ಹೋಗುವಾಗ ಅರ್ಧ ದಿನ, ಬರುವಾಗ ಅರ್ಧ ದಿನ ರಸ್ತೆಯಲ್ಲೇ ಕಳೆಯುತ್ತಿತ್ತು. ಈಗ ಒಂದು ವರ್ಷದಿಂದ ಎಲ್ಲಿಗೂ ಹೋಗುತ್ತಿಲ್ಲ. ಕೆಲಸ ಮಾಡಿಕೊಂಡು ಮನೆಯಲ್ಲೇ ಇರುತ್ತೇವೆ. ಇದು ನನಗೆ ತುಂಬಾ ಹಿಡಿಸಿದೆ. ಅದನ್ನ ಹೇಳಬೇಕು ಅನ್ನಿಸಿತು, ಜೊತೆಗೆ ನಿಮ್ಮನ್ನೆಲ್ಲ ಒಂದು ಮಾತು ಕೇಳಬೇಕಿತ್ತು.

ಮೊನ್ನೆ ಶನಿವಾರ ಸಾರಿನ ಪುಡಿ ಮಾಡಿದೆವು. ವರ್ಷಕ್ಕೆ ಎರಡು ಸಲ ಮಾಡುತ್ತೇವೆ. ಅತ್ತೆಯ ಅಳತೆ ಹೀಗೆ: ಅರ್ಧ ಕೆಜಿ ಕೊತ್ತಂಬರಿ ಬೀಜಕ್ಕೆ ಕಾಲು ಕೆಜಿ ಬ್ಯಾಡಗಿ ಮೆಣಸಿನಕಾಯಿ, 100 ಗ್ರಾಂ ಗುಂಟೂರು, 100 ಗ್ರಾಂ ಜೀರಿಗೆ, 50 ಗ್ರಾಂ ಕಾಳುಮೆಣಸು, 50 ಗ್ರಾಂ ಮೆಂತ್ಯ, ಸ್ವಲ್ಪ ಸಾಸಿವೆ, ಎರಡು ಹಿಡಿ ಕರಿಬೇವು, ಗಟ್ಟಿ ಇಂಗು. ಬೆಳಿಗ್ಗೆ ಏಳಕ್ಕೇ ತಾರಸಿಗೆ ಹೋಗಿ ಮೆಣಸಿನಕಾಯಿ ಹರಡಿದೆವು. ಕಾಫಿ ಕುಡಿದು, ತಿಂಡಿ ಮುಗಿಸಿ, ಹತ್ತು ಗಂಟೆಗೆ ಹಳೇ ಪೇಪರ್ ಹಾಸಿಕೊಂಡು ತೊಟ್ಟು ಬಿಡಿಸಲು ಕೂತೆವು. ನೀರಿನ ಟ್ಯಾಂಕಿನ ನೆರಳಲ್ಲಿ.

ತೊಟ್ಟು ಬಿಡಿಸುವುದಕ್ಕೂ ಒಂದು ಹದ ಇದೆ. ಕಾಯಿ ತಂಪಾಗಿದ್ದರೆ ತೊಟ್ಟು ಬಗ್ಗುತ್ತದೆ, ಬರುವುದಿಲ್ಲ. ಎರಡು ಮೂರು ಗಂಟೆ ಬಿಸಿಲು ಕಂಡ ಮೇಲೆ ಸುಮ್ನೆ ಹಿಡಿದು ತಿರುಚಿದರೆ ಸಾಕು, ಟಕ್ ಅಂತ ಕೈಗೆ ಬರುತ್ತದೆ. ಬೀಜ ಒಂದಷ್ಟು ಉದುರುತ್ತದೆ. ಅವಳು ಅದನ್ನ ಬೇರೆ ತಟ್ಟೆಗೆ ಗುಡ್ಡೆ ಮಾಡುತ್ತಾಳೆ, ಕುಂಡಕ್ಕೆ ಹಾಕಬಹುದು ಅಂತ. ಅರ್ಧ ಗಂಟೆ ಇಬ್ಬರೂ ಮಾತಿಲ್ಲದೆ ಕೂತಿದ್ದೆವು. ಆಮೇಲೆ ಅವಳು ಕೈಯಲ್ಲಿದ್ದ ಕಾಯಿ ನೋಡಿಕೊಂಡೇ ಹೇಳಿದಳು: "ಪ್ರಮೋಷನ್ ಪರೀಕ್ಷೆಗೆ ಸರ್ಕ್ಯುಲರ್ ಬಂದಿದೆ ರೀ. ಪಾಸಾದರೆ ಟ್ರಾನ್ಸ್‌ಫರ್ ಗ್ಯಾರಂಟಿ. ಹತ್ತು ದಿನದಿಂದ ಹೇಳಬೇಕು ಅಂತಿದ್ದೆ."

ಹತ್ತು ದಿನ! ದಿನಾ ರಾತ್ರಿ ಒಟ್ಟಿಗೆ ಊಟ ಮಾಡಿದ್ದೇವೆ. ಒಂದೇ ಸೋಫಾದಲ್ಲಿ ಕೂತಿದ್ದೇವೆ. ಆಗ ಬಾರದ ಮಾತು ಮೆಣಸಿನಕಾಯಿ ತೊಟ್ಟು ಬಿಡಿಸುವಾಗ ಬಂತು.

ಆಮೇಲೆ ಹುರಿದೆವು. ಸಣ್ಣ ಉರಿಯಲ್ಲಿ ಒಂದೊಂದನ್ನೇ ಬೇರೆ ಬೇರೆ. ಮೆಣಸಿನಕಾಯಿಗೆ ಒಂದು ಚಮಚ ಹರಳೆಣ್ಣೆ ಹಾಕಿದರೆ ಘಾಟು ಕಡಿಮೆ ಅಂತ ಅತ್ತೆ ಫೋನಿನಲ್ಲಿ ಹೇಳಿದರು. ಕಡಿಮೆ ಆಯಿತು, ಆದರೂ ಇಬ್ಬರೂ ಕೆಮ್ಮಿದೆವು. ಮಿಲ್ಲಿನಲ್ಲಿ ಖಾರದ ಪುಡಿಗೆ ಬೇರೆ ಮೆಷಿನ್ ಇದೆ, ಅಲ್ಲಿ ಸಾಲು ನಿಂತು ಬೀಸಿಸಿಕೊಂಡು ಬಂದೆವು. ಬಂದ ಕೂಡಲೇ ಡಬ್ಬಕ್ಕೆ ತುಂಬಬಾರದು. ಪುಡಿ ಬಿಸಿಯಾಗಿರುತ್ತದೆ, ಮುಚ್ಚಳ ಹಾಕಿದರೆ ಒಳಗೆ ಬೆವರಿ ಗಂಟು ಕಟ್ಟುತ್ತದೆ. ಸಂಜೆಯವರೆಗೆ ನಡುಮನೆಯಲ್ಲಿ ಪೇಪರ್ ಮೇಲೆ ಹರಡಿಟ್ಟೆವು. ಆ ಸಂಜೆ ಮನೆಯ ಮೂಲೆ ಮೂಲೆಯಲ್ಲೂ ಅದೇ ವಾಸನೆ.

ಭಾನುವಾರ ಸಂಪು ತೊಳೆದೆವು. ನಮ್ಮ ಬೀದಿಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಹಾರೋಹಳ್ಳಿ, ತಾತಗುಣಿಯಲ್ಲಿ ಮತ್ತೆ ಮತ್ತೆ ಪಂಪ್ ಮಾಡಿಸಿಕೊಂಡು ಮೇಲೆ ಹತ್ತಿ ಬರುವ ನೀರು ಅದು. 2024ರ ಬೇಸಿಗೆಯಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತಲ್ಲ, ಅಂದಿನಿಂದ ನಮಗೆ ಒಂದು ಬಕೆಟ್ ಚೆಲ್ಲುವುದಕ್ಕೂ ಮನಸ್ಸು ಬರುವುದಿಲ್ಲ. ಹಾಗಾಗಿ ಸಂಪಿನಲ್ಲಿ ಉಳಿದಿದ್ದ ನೀರಲ್ಲೇ ಬೆಡ್‌ಶೀಟು, ಕಿಟಕಿ ಪರದೆ ಎಲ್ಲ ಒಗೆದು, ಮೆಟ್ಟಿಲು ತೊಳೆದು, ಕೊನೆಗೆ ನಾನು ತೆಂಗಿನ ಪೊರಕೆ ಹಿಡಿದು ಒಳಗೆ ಇಳಿದೆ. ಅವಳು ಮೇಲಿಂದ ಬಕೆಟ್ ಎಳೆದಳು.

ಈಗ ನನ್ನ ಪ್ರಶ್ನೆ. ನನ್ನ ಸ್ನೇಹಿತರೆಲ್ಲ ಕೆಲಸ ಹಂಚಿಕೊಂಡಿದ್ದಾರೆ. ಬಟ್ಟೆ ನಿನ್ನದು, ಪಾತ್ರೆ ನನ್ನದು ಅಂತ. ಬೇಗ ಮುಗಿಯುತ್ತದೆ, ಆಮೇಲೆ ಅವರವರ ಪಾಡಿಗೆ ಅವರು. ನಮಗೆ ಒಂದೇ ಕೆಲಸವನ್ನ ಇಬ್ಬರೂ ಕೂತು ಮಾಡುವುದೇ ಹೊಂದುತ್ತದೆ. ಹೊತ್ತು ಜಾಸ್ತಿ ಹಿಡಿಯುತ್ತದೆ, ನಿಜ. ನಿಮ್ಮ ಮನೆಯಲ್ಲಿ ಹೇಗೆ?

ತೋಟದಮನೆ (ಶಿರಸಿ)

ಓದಿ ಖುಷಿಯಾಯಿತು. ನಮ್ಮದು ಅಡಿಕೆ ತೋಟ. ತೋಟಕ್ಕೆ ಶನಿವಾರ ಭಾನುವಾರ ಇಲ್ಲ, ಆದರೆ ಏಪ್ರಿಲ್ ಮೇ ತಿಂಗಳಿನಲ್ಲಿ ಮಧ್ಯಾಹ್ನದ ಹೊತ್ತು ಸ್ವಲ್ಪ ಬಿಡುವು. ಆಗ ಹಲಸಿನಕಾಯಿ ಹಪ್ಪಳ ಮಾಡುತ್ತೇವೆ. ನನ್ನ ಅತ್ತೆಯವರ ಕಾಲದಲ್ಲಿ ಇದಕ್ಕೆ ಮುಯ್ಯಾಳು ಇತ್ತು. ಇವತ್ತು ನಮ್ಮ ಮನೆ, ನಾಳೆ ಆಚೆ ಮನೆ ಅಂತ ಹತ್ತು ಹೆಂಗಸರು ಸೇರಿ ಒತ್ತುತ್ತಿದ್ದರು. ಗಂಡಸರು ಅತ್ತ ಸುಳಿಯುತ್ತಿರಲಿಲ್ಲ. ಈಗ ಆಚೆ ಮನೆಯಲ್ಲೂ ಇಬ್ಬರೇ, ನಮ್ಮ ಮನೆಯಲ್ಲೂ ಇಬ್ಬರೇ. ಮಕ್ಕಳೆಲ್ಲ ಬೆಂಗಳೂರು.

ಹಾಗಾಗಿ ಐದು ವರ್ಷದಿಂದ ನಮ್ಮ ಮನೆಯವರೇ ಜೊತೆಗೆ ಕೂರುತ್ತಾರೆ. ಕಾಯಿ ಹೆಚ್ಚಿ ಸೊಳೆ ಬಿಡಿಸುವುದು ಅವರು. ಮೇಣ ಹತ್ತದ ಹಾಗೆ ಕೈಗೆ, ಕತ್ತಿಗೆ ತೆಂಗಿನೆಣ್ಣೆ ಸವರಿಕೊಳ್ಳುತ್ತಾರೆ. ಬೇಯಿಸುವುದು ನಾನು. ಬೆಂದ ಸೊಳೆಯನ್ನು ಬಿಸಿ ಇರುವಾಗಲೇ ಕುಟ್ಟಬೇಕು, ಆರಿದರೆ ಹಿಟ್ಟು ಒಂದುಗೂಡುವುದಿಲ್ಲ. ಉಪ್ಪು, ಖಾರ, ಜೀರಿಗೆ ಸೇರಿಸಿ ನಾನು ಉಂಡೆ ಕಟ್ಟಿ ಕೊಡುತ್ತೇನೆ, ಅವರು ಮಣೆಯಲ್ಲಿಟ್ಟು ಒತ್ತುತ್ತಾರೆ, ನಾನು ಚಾಪೆ ಮೇಲೆ ಹಾಸುತ್ತೇನೆ. ನಾನು ಒತ್ತಿದರೆ ಅಂಚು ದಪ್ಪ ಬರುತ್ತದೆ. ಅವರದು ಕೈ ಬಲ ಜಾಸ್ತಿ, ಎಲ್ಲ ಕಡೆ ಒಂದೇ ಸಮ.

ನೀವು ಕೇಳಿದ್ದಕ್ಕೆ ನನ್ನ ಉತ್ತರ: ಕೆಲಸ ನೋಡಿ ಹೇಳಬೇಕು. ಹಪ್ಪಳ ಒಬ್ಬರಿಂದ ಆಗುವುದೇ ಇಲ್ಲ. ಉಂಡೆ ಕಟ್ಟುವವರು ನಿಂತರೆ ಒತ್ತುವವರೂ ನಿಲ್ಲಬೇಕು. ಅಲ್ಲಿ ಹಂಚಿಕೊಂಡರೂ ಜೊತೆಗೇ ಇರುತ್ತೇವೆ.

ಕಲ್ಲೊರಳು (ಹುಬ್ಬಳ್ಳಿ)

ಮಹಡಿಮನೆಯವರೇ, ಬರೆದದ್ದು ಚಲೋ ಇದೆ. ಆದರೆ ಒಂದು ಮಾತು ಕೇಳಲೇಬೇಕು. ಮೆಣಸಿನಕಾಯಿ ಮುಗಿಯುತ್ತಾ ಬಂದಿದೆ ಅಂತ ಮೊದಲು ಗೊತ್ತಾದದ್ದು ಯಾರಿಗೆ? ಈ ತಿಂಗಳು ಪುಡಿ ಮಾಡದಿದ್ದರೆ ಮಳೆ ಹಿಡಿಯುತ್ತದೆ, ಬಿಸಿಲು ಸಿಗುವುದಿಲ್ಲ ಅಂತ ಲೆಕ್ಕ ಹಾಕಿದ್ದು ಯಾರು? ಅತ್ತೆಗೆ ಫೋನ್ ಹಚ್ಚಿದ್ದು ಯಾರು?

ನಾನೂ ನೌಕರಿ ಮಾಡುವವಳು. ಸರ್ಕಾರಿ ಶಾಲೆ, ಶನಿವಾರ ಬೆಳಗಿನ ಕ್ಲಾಸ್. ನಮ್ಮ ಮನೆಯವರು ಒಳ್ಳೆಯವರು. ಹೇಳಿದ ಕೆಲಸ ಯಾವುದನ್ನೂ ಇಲ್ಲ ಅನ್ನುವುದಿಲ್ಲ. ಆದರೆ "ಹೇಳಿದ" ಅನ್ನುವುದರಲ್ಲೇ ಎಲ್ಲ ಇದೆ. ಹೇಳುವ ಕೆಲಸವೂ ಒಂದು ಕೆಲಸ. ರವಿವಾರ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ನನ್ನ ತಲೆಯಲ್ಲಿ ಇಡೀ ಮನೆ ಓಡುತ್ತಿರುತ್ತದೆ. ಅವರ ತಲೆಯಲ್ಲಿ ಚಹಾ ಇರುತ್ತದೆ.

ಲೆಕ್ಕ ಬೇಕಾದರೆ ಸರ್ಕಾರದ್ದೇ ಇದೆ. 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೇ ಕೊಡುತ್ತಾರೆ, ಗಂಡಸರು 97 ನಿಮಿಷ. ಆ 97 ನಿಮಿಷವೂ ಕೆಲಸಕ್ಕೆ ಕೈ ಹಚ್ಚಿದ ಗಂಡಸರದ್ದು ಮಾತ್ರ. ಹಂಗೆ ಕೈ ಹಚ್ಚಿದವರು ನೂರಕ್ಕೆ 26 ಮಂದಿ. 2024ರಲ್ಲಿ ಮತ್ತೆ ಎಣಿಸಿದರು. ಹೆಂಗಸರದ್ದು 289 ಆಗಿದೆ, ಗಂಡಸರದ್ದು 88. ಹೆಂಗಸರದ್ದು ಹತ್ತು ನಿಮಿಷ ಇಳಿಯಿತು ಅಂತ ಸಮಾಧಾನ ಪಡಬೇಕು ಅನ್ನುವಷ್ಟರಲ್ಲಿ ಗಂಡಸರದ್ದೂ ಇಳಿದಿದೆ. ಮತ್ತೆ ಈ ನಿಮಿಷಗಳಲ್ಲಿ ತಲೆಯೊಳಗಿನ ಓಡಾಟ ಸೇರಿಲ್ಲ.

ನಿಮ್ಮ ಮನಸ್ಸು ನೋಯಿಸಬೇಕು ಅಂತ ಬರೆದದ್ದಲ್ಲ. ನೀವು ಸಂಪಿಗೆ ಇಳಿದಿರಿ, ಅದು ದೊಡ್ಡದು. ಆದರೆ ನಿಮ್ಮ ಮನೆಯವರಿಗೆ ನಾಳೆ ಟ್ರಾನ್ಸ್‌ಫರ್ ಆದರೆ, ಮನೆ ನಿಮಗೆ ಗೊತ್ತಿದೆಯೇನು?

ಅಂದ ಹಾಗೆ, ನೀವು ತಂದದ್ದು ಬ್ಯಾಡಗಿ ಕಡ್ಡಿಯೋ ಡಬ್ಬಿಯೋ? ಕಡ್ಡಿ ಉದ್ದ, ತೆಳ್ಳಗೆ. ಡಬ್ಬಿ ಗಿಡ್ಡ, ದುಂಡಗೆ, ಬಣ್ಣ ಇನ್ನೂ ಜಾಸ್ತಿ. ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ಕಾಯಿ ಅದು, 2011ರಲ್ಲಿ ಭೌಗೋಳಿಕ ಸೂಚಕವೂ ಸಿಕ್ಕಿದೆ. ಲಿಪ್‌ಸ್ಟಿಕ್ಕಿಗೆ ಸಹಿತ ಇದರ ಬಣ್ಣ ಹೋಗುತ್ತದೆ.

ಮಹಡಿಮನೆ (ಬೆಂಗಳೂರು)

ಕಲ್ಲೊರಳು ಅವರೇ, ನಿಮ್ಮ ಮಾತನ್ನ ಎರಡು ಸಲ ಓದಿದೆ. ಫೋನ್ ಮಾಡಿದ್ದು ಅವಳು. ಪುಡಿ ಮುಗಿಯುತ್ತಿದೆ ಅಂತ ಗೊತ್ತಾದದ್ದೂ ಅವಳಿಗೇ. ಬ್ಯಾಡಗಿ ತರೋಣ ಅಂದದ್ದೂ ಅವಳೇ. ನಾನು ಚೀಲ ಹೊತ್ತೆ.

ರಾತ್ರಿ ಅವಳಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಅವರು ಹೇಳಿದ್ದು ಸರಿ" ಅಂದಳು. ಇನ್ನೇನೂ ಹೇಳಲಿಲ್ಲ. ಅಡಿಗೆಮನೆ ಗೋಡೆಯ ಮೇಲೆ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಇದೆ. ಹಾಲು ಬರದ ದಿನ, ಗ್ಯಾಸ್ ಹಚ್ಚಿದ ದಿನ, ಕೆಲಸದವರು ರಜೆ ಹಾಕಿದ ದಿನ ಎಲ್ಲ ಅದರಲ್ಲಿ ಗುರುತು ಹಾಕಿದೆ. ಜನವರಿಯಿಂದ ತಿರುವಿ ನೋಡಿದೆ. ಎಲ್ಲ ಅವಳ ಅಕ್ಷರ. ನನ್ನ ಅಕ್ಷರ ಒಂದು ಕಡೆಯೂ ಇಲ್ಲ.

ಯೋಚನೆ ಮಾಡುತ್ತಿದ್ದೇನೆ. ನಾಲ್ಕನೇ ಶನಿವಾರ ಬರಲಿ.

ಕಾಯಿ ಕಡ್ಡಿ. ಡಬ್ಬಿ ಕೇಳಿದೆ, ನಮ್ಮ ಅಂಗಡಿಯಲ್ಲಿ ಇರಲಿಲ್ಲ.

ಬೆಳಗಿನ ಪಾಳಿ (ಚಿತ್ರದುರ್ಗ)

ನಾನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ. ಮಾತು ಬೇರೆ ಕಡೆ ಹೋಗುವ ಮುಂಚೆ ಸಂಪಿನ ಬಗ್ಗೆ ಹೇಳಿಬಿಡುತ್ತೇನೆ, ದಯವಿಟ್ಟು ಗಮನ ಕೊಡಿ.

ಮುಚ್ಚಿದ ಸಂಪಿಗೆ ತಕ್ಷಣ ಇಳಿಯಬೇಡಿ. ಮುಚ್ಚಳ ತೆಗೆದು ಕೆಲವು ಗಂಟೆ ಗಾಳಿ ಆಡಲು ಬಿಡಿ. ಒಳಗೆ ಉಸಿರಿಗೆ ಬೇಕಾದ ಗಾಳಿ ಕಡಿಮೆ ಇರಬಹುದು, ಅದು ಕಣ್ಣಿಗೂ ಕಾಣುವುದಿಲ್ಲ, ಮೂಗಿಗೂ ಗೊತ್ತಾಗುವುದಿಲ್ಲ. ಒಬ್ಬರೇ ಇದ್ದಾಗ ಇಳಿಯಲೇಬಾರದು. ಮೇಲೆ ಒಬ್ಬರು ನಿಂತು ಮಾತಾಡಿಸುತ್ತಲೇ ಇರಬೇಕು. ಒಳಗಿನವರ ಉತ್ತರ ನಿಂತರೆ ಮೇಲಿನವರು ಇಳಿಯಬಾರದು, ಜನ ಕರೆಯಬೇಕು. ಒಬ್ಬರನ್ನ ಎತ್ತಲು ಹೋಗಿ ಇನ್ನೊಬ್ಬರೂ ಬಿದ್ದ ಸುದ್ದಿ ಎಷ್ಟು ಸಲ ಓದಿದ್ದೇವೆ. ಸಂಪಿನ ಒಳಗೆ ಇರುವಾಗ ಬ್ಲೀಚಿಂಗ್ ಪುಡಿ ಮತ್ತು ಆಸಿಡ್ ಎರಡನ್ನೂ ಒಟ್ಟಿಗೆ ಬಳಸಲೇಬೇಡಿ. ವಿಷದ ಗಾಳಿ ಹುಟ್ಟುತ್ತದೆ.

ತೊಳೆದು ನೀರು ತುಂಬಿದ ಮೇಲೆ 1000 ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಸಾಕು. ನೇರವಾಗಿ ಎರಚಬೇಡಿ. ಬಕೆಟ್ಟಿನಲ್ಲಿ ಮೊದಲು ಗಟ್ಟಿಯಾಗಿ ಕಲಸಿ, ಆಮೇಲೆ ನೀರು ಬೆರೆಸಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿ ಮಾತ್ರ ಸಂಪಿಗೆ ಹಾಕಿ. ಒಂದು ಗಂಟೆ ಬಿಟ್ಟು ಬಳಸಿ.

ಮಹಡಿಮನೆಯವರು ಕೇಳಿದ ಪ್ರಶ್ನೆಗೂ ಇದೇ ನನ್ನ ಉತ್ತರ. ಈ ಒಂದು ಕೆಲಸದಲ್ಲಿ ಹಂಚಿಕೆ ಬೇಡ. ಇಬ್ಬರೂ ಇರಲೇಬೇಕು.

ನೆಕ್ಕರ್ ದಂಡೆ (ಸ್ಟುಟ್‌ಗಾರ್ಟ್)

ನಾವು ಮೈಸೂರಿನವರು, ಇಲ್ಲಿ ಜರ್ಮನಿಗೆ ಬಂದು ಒಂಬತ್ತು ವರ್ಷ. ಇಲ್ಲಿ ಭಾನುವಾರ ಅಂದರೆ ನಿಜವಾಗಿಯೂ ಸದ್ದಿಲ್ಲದ ದಿನ. ಅಂಗಡಿಗಳು ಮುಚ್ಚಿರುತ್ತವೆ. ಭಾನುವಾರ ವಿಶ್ರಾಂತಿಯ ದಿನ ಅಂತ ದೇಶದ ಸಂವಿಧಾನದಲ್ಲೇ ಇದೆ. ಗೋಡೆಗೆ ಡ್ರಿಲ್ ಹಾಕುವಂತಿಲ್ಲ, ಹುಲ್ಲು ಕತ್ತರಿಸುವ ಮೆಷಿನ್ ಓಡಿಸುವಂತಿಲ್ಲ, ಖಾಲಿ ಗಾಜಿನ ಬಾಟಲಿಯನ್ನ ಬೀದಿಯ ತೊಟ್ಟಿಗೆ ಹಾಕುವಂತೆಯೂ ಇಲ್ಲ, ಸದ್ದಾಗುತ್ತದೆ ಅಂತ. ಬಂದ ಹೊಸದರಲ್ಲಿ ಭಾನುವಾರ ಹಾಲು ಮುಗಿದು, ಕಾಫಿ ಇಲ್ಲದೆ ಕೂತಿದ್ದೇವೆ. ಈಗ ಶನಿವಾರವೇ ಎಲ್ಲ ಮುಗಿಸುವ ಅಭ್ಯಾಸ ಆಗಿದೆ.

ಈ ಊರಿನ ಕಡೆ ಇನ್ನೊಂದು ಪದ್ಧತಿ ಇದೆ. ಕೇರ್‌ವೊಖೆ ಅನ್ನುತ್ತಾರೆ, ಗುಡಿಸುವ ವಾರ. ಒಂದೇ ಕಟ್ಟಡದಲ್ಲಿ ಇರುವ ಮನೆಗಳು ಸರದಿ ಪ್ರಕಾರ ಮೆಟ್ಟಿಲು, ನೆಲಮಾಳಿಗೆ, ಮುಂದಿನ ಕಾಲುದಾರಿ ಗುಡಿಸಿ ಒರೆಸಬೇಕು. ಯಾರ ಸರದಿಯೋ ಅವರ ಬಾಗಿಲಿಗೆ ಒಂದು ಚಿಕ್ಕ ಹಲಗೆ ನೇತಾಡುತ್ತದೆ. ವಾರ ಮುಗಿದ ಮೇಲೆ ಅವರು ಅದನ್ನ ಪಕ್ಕದ ಮನೆ ಬಾಗಿಲಿಗೆ ಹಾಕುತ್ತಾರೆ. ಯಾರೂ ಯಾರಿಗೂ ಹೇಳಬೇಕಾಗಿಲ್ಲ. ಹಲಗೆ ಬಂತು, ನಿಮ್ಮ ವಾರ ಶುರುವಾಯಿತು.

ಕಲ್ಲೊರಳು ಅವರ ಮಾತು ಓದಿದಾಗ ಇದು ನೆನಪಾಯಿತು. ಮೂರು ವರ್ಷದ ಹಿಂದೆ ನಮ್ಮಿಬ್ಬರ ನಡುವೆ ಇದೇ ಜಗಳ ಇತ್ತು. ಆಮೇಲೆ ನಾವು ಮನೆಯೊಳಗೂ ಒಂದು ಹಲಗೆ ಮಾಡಿದೆವು. ಹಳೇ ಕಾಫಿ ಡಬ್ಬದ ಮುಚ್ಚಳಕ್ಕೆ ದಾರ ಕಟ್ಟಿದ್ದು. ಒಂದು ವಾರ ಅವರು "ಮನೆ ನೋಡಿಕೊಳ್ಳುವವರು", ಒಂದು ವಾರ ನಾನು. ಕೆಲಸ ಇಬ್ಬರೂ ಮಾಡುತ್ತೇವೆ. ಆದರೆ ಏನು ಮುಗಿದಿದೆ, ಏನು ತರಬೇಕು, ಯಾರಿಗೆ ಫೋನ್ ಮಾಡಬೇಕು ಅನ್ನುವುದು ಹಲಗೆ ಇರುವವರ ತಲೆ. ಮೊದಲ ಎರಡು ತಿಂಗಳು ಅವರ ವಾರದಲ್ಲಿ ಒಗ್ಗರಣೆಗೆ ಸಾಸಿವೆಯೇ ಇರುತ್ತಿರಲಿಲ್ಲ. ನಾನು ಬಾಯಿ ಬಿಡಲಿಲ್ಲ, ಅದು ಬಹಳ ಕಷ್ಟ. ಈಗ ಇರುತ್ತದೆ.

ಸಾರಿನ ಪುಡಿ ನಮಗೆ ಅಮ್ಮ ಕಳಿಸುತ್ತಾರೆ. ನಿಮ್ಮ ಅಳತೆ ಬರೆದಿಟ್ಟುಕೊಂಡೆ.

ಹಳೇ ಮೇಷ್ಟ್ರು (ಮೈಸೂರು)

ನಾನು ಇಲ್ಲಿ ಬರೆಯುವುದು ಅಪರೂಪ. ನನಗೆ 68, ನನ್ನಾಕೆಗೆ 64. ನಿವೃತ್ತಿಯಾದ ಮೇಲೆ ಎಲ್ಲ ದಿನವೂ ರಜೆಯೇ, ಆದರೂ ಭಾನುವಾರ ಅಂದರೆ ನಮಗೆ ಭಾನುವಾರವೇ. ಎಣ್ಣೆ ನೀರಿನ ದಿನ.

ಹೋದ ವರ್ಷ ದೀಪಾವಳಿ ಆದ ಮೇಲೆ ಆಕೆಗೆ ಬಲ ಭುಜ ಹಿಡಿದುಕೊಂಡಿತು. ಕೈ ಕಿವಿಯ ಮಟ್ಟಕ್ಕೂ ಏಳುತ್ತಿರಲಿಲ್ಲ. ಡಾಕ್ಟರು ವ್ಯಾಯಾಮ ಹೇಳಿಕೊಟ್ಟರು, ಸರಿಹೋಗಲು ತಿಂಗಳುಗಟ್ಟಲೆ ಬೇಕು ಅಂದರು. ಆಕೆಗೆ ಉದ್ದ ಕೂದಲು. ನೋವಿಗಿಂತ ಜಡೆ ಹಾಕಿಕೊಳ್ಳಲು ಆಗುವುದಿಲ್ಲವಲ್ಲ ಅನ್ನುವುದೇ ಆಕೆಗೆ ದೊಡ್ಡ ಕೊರಗಾಯಿತು. ಪಕ್ಕದ ಮನೆ ಹುಡುಗಿಯನ್ನ ಎಷ್ಟು ದಿನ ಕರೆಯುವುದು?

ನಾನು ಕಲಿತೆ. ಸಿಕ್ಕು ಬಿಡಿಸುವಾಗ ಮೇಲಿಂದ ಬಾಚಬಾರದು, ತುದಿಯಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು. ಆಮೇಲೆ ಮೂರು ಕಾಲು ಮಾಡಿ, ಬಲದ್ದನ್ನ ನಡುವಿನ ಮೇಲೆ, ಎಡದ್ದನ್ನ ನಡುವಿನ ಮೇಲೆ. ಹೇಳಲು ಸುಲಭ. ನನ್ನ ಜಡೆ ಮೊದಮೊದಲು ಮಧ್ಯಾಹ್ನದೊಳಗೆ ಬಿಚ್ಚಿಹೋಗುತ್ತಿತ್ತು. "ಬಿಗಿ ಸಾಲದು, ನೀವು ನನಗೆ ನೋವಾಗುತ್ತೆ ಅಂತ ಹೆದರ್ತೀರಿ" ಅನ್ನುತ್ತಿದ್ದಳು. ಹೌದು, ಹೆದರುತ್ತಿದ್ದೆ. ನಲವತ್ತೊಂದು ವರ್ಷ ಸಂಸಾರ ಮಾಡಿ ಆಕೆಯ ಕೂದಲು ಎಷ್ಟು ತೂಕ ಇದೆ ಅಂತ ನನಗೆ ಗೊತ್ತಿರಲಿಲ್ಲ.

ಈಗ ಭುಜ ಬಹುಪಾಲು ಸರಿಯಾಗಿದೆ. ಕೈ ಮೇಲೆ ಹೋಗುತ್ತದೆ. ಆದರೂ ಭಾನುವಾರ ಎಣ್ಣೆ ಬೆಚ್ಚಗೆ ಮಾಡಿಕೊಂಡು, ಬಾಚಣಿಗೆ ತಂದು ನನ್ನ ಮುಂದೆ ಕೂರುತ್ತಾಳೆ. ನಾನೂ ಕೇಳುವುದಿಲ್ಲ, ಆಕೆಯೂ ಹೇಳುವುದಿಲ್ಲ.

ಮಹಡಿಮನೆಯ ಹುಡುಗನಿಗೆ ಒಂದು ಮಾತು. ನಿನ್ನ ಹೆಂಡತಿ ಪರೀಕ್ಷೆ ಬರೆಯಲಿ ಕಣಪ್ಪ. ನನ್ನಾಕೆಯೂ ಟೀಚರ್ ಆಗಿದ್ದಳು. 1989ರಲ್ಲಿ ಹೆಡ್‌ಮಿಸ್ಟ್ರೆಸ್ ಆಗುವ ಅವಕಾಶ ಬಂದಿತ್ತು, ಬೇರೆ ಊರು ಅಂತ ಬಿಟ್ಟಳು. ಬಿಡು ಅಂತ ನಾನು ಹೇಳಿರಲಿಲ್ಲ. ಹೋಗು ಅಂತಲೂ ಹೇಳಲಿಲ್ಲ.

ಕಲ್ಲೊರಳು (ಹುಬ್ಬಳ್ಳಿ)

ಮೇಷ್ಟ್ರೇ, ನೀವು ಬರೆದದ್ದು ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ನಮಸ್ಕಾರ ನಿಮಗೆ.

ನೆಕ್ಕರ್ ದಂಡೆ ಅಕ್ಕಾ, ನಿಮ್ಮ ಹಲಗೆಯ ವಿಚಾರ ನಮ್ಮ ಮನೆಯವರಿಗೆ ತೋರಿಸಿದೆ. ಅವರು ತುಸು ಹೊತ್ತು ಯೋಚಿಸಿ, "ವಾರ ಬೇಡ, ನನಗೆ ಒಂದು ಇಡೀ ವಿಷಯ ಕೊಡು" ಅಂದರು. ಅಂದರೆ ಮೊದಲಿಂದ ಕೊನೆಯವರೆಗೆ ಅವರದ್ದೇ. ರೊಟ್ಟಿ ಕೊಟ್ಟೆ. ಜೋಳ ತರುವುದು, ಹಸನು ಮಾಡುವುದು, ಗಿರಣಿಗೆ ಹೋಗುವುದು, ಹಿಟ್ಟು ಹಳೆಯದಾಗುವ ಮುಂಚೆ ನೋಡುವುದು. ಹಿಟ್ಟು ಬಹಳ ದಿನ ಇಟ್ಟರೆ ಜಿಗಿ ಹೋಗುತ್ತದೆ, ರೊಟ್ಟಿ ಬಡಿಯುವಾಗ ಹರಿಯುತ್ತದೆ. ಅದಕ್ಕೇ ನಾವು ಸ್ವಲ್ಪ ಸ್ವಲ್ಪವೇ ಬೀಸಿಸುತ್ತೇವೆ. ಈ ರವಿವಾರ ಮೊದಲ ಸಲ ತಾವೇ ಹೋಗಿ ಜೋಳ ಆರಿಸಿ ತಂದರು. ಅಂಗಡಿಯಲ್ಲಿ ಎರಡು ಕಾಳು ಬಾಯಿಗೆ ಹಾಕಿಕೊಂಡು ಕಡಿದು ನೋಡಿದೆ ಅಂದರು. ಅದನ್ನ ನಾನು ಹೇಳಿಕೊಟ್ಟಿರಲಿಲ್ಲ. ಅವರ ಅವ್ವನ ಜೊತೆ ಸಣ್ಣವರಿದ್ದಾಗ ಹೋಗಿದ್ದು ನೆನಪಿತ್ತಂತೆ.

ಬಡಿಯುವುದು ಇನ್ನೂ ನಾನೇ. ಅವರು ತವದ ಮೇಲೆ ನೀರು ಸವರಿ ತಿರುವುತ್ತಾರೆ. ಅಲ್ಲಿಗೆ ಹಂಚಿಕೊಂಡದ್ದೂ ಆಯಿತು, ಜೊತೆಗಿರುವುದೂ ಆಯಿತು.

ಗೊಜ್ಜವಲಕ್ಕಿ (ತುಮಕೂರು)

ಎಲ್ಲರೂ ದೊಡ್ಡ ವಿಷಯ ಮಾತಾಡುತ್ತಿದ್ದೀರಿ, ನನ್ನದು ಚಿಕ್ಕದು. ಅರ್ಧ ಕೆಜಿ ಕೊತ್ತಂಬರಿಗೆ 50 ಗ್ರಾಂ ಮೆಂತ್ಯ ಜಾಸ್ತಿ ಆಯಿತು. ನಮ್ಮ ಮನೆಯಲ್ಲಿ 20 ಗ್ರಾಂ ದಾಟುವುದಿಲ್ಲ. ಮೆಂತ್ಯ ಕೆಂಪಗೆ ಹುರಿದಿದ್ದೀರಿ ತಾನೇ? ಸ್ವಲ್ಪ ಕಪ್ಪಾದರೂ ಸಾರು ಕಹಿ ಬರುತ್ತದೆ. ಒಂದು ಸಲ ಸಾರು ಮಾಡಿ ನೋಡಿ ಹೇಳಿ.

ಮಹಡಿಮನೆ (ಬೆಂಗಳೂರು)

ನಾಲ್ಕನೇ ಶನಿವಾರ ಮುಗಿದು ಇವತ್ತು ಭಾನುವಾರ ರಾತ್ರಿ ಬರೆಯುತ್ತಿದ್ದೇನೆ.

ಮೊದಲು ಸಾರಿನ ವಿಷಯ. ಗೊಜ್ಜವಲಕ್ಕಿಯವರು ಹೇಳಿದ್ದು ನಿಜ. ಕಹಿ ಇತ್ತು. ಅತ್ತೆಗೆ ಫೋನ್ ಮಾಡಿದೆ. ಈ ಸಲ ನಾನೇ ಮಾಡಿದೆ. ಅವರು ನಕ್ಕು, "50 ಗ್ರಾಂ ಒಂದು ಕೆಜಿಗೆ ಅಂದಿದ್ದೆನಲ್ಲಪ್ಪ" ಅಂದರು. ಅವತ್ತು ಕೆಮ್ಮಿನ ನಡುವೆ ನಾವು ತಪ್ಪು ಕೇಳಿಸಿಕೊಂಡಿದ್ದೆವು. ಇನ್ನರ್ಧ ಕೆಜಿ ಕೊತ್ತಂಬರಿ, ಅದಕ್ಕೆ ತಕ್ಕ ಬ್ಯಾಡಗಿ, ಗುಂಟೂರು, ಜೀರಿಗೆ, ಮೆಣಸು ಹುರಿದು, ಮೆಂತ್ಯ ಹಾಕದೆ, ಮಿಲ್ಲಿಗೆ ಒಯ್ದು ಹಳೆಯದರ ಜೊತೆ ಬೆರೆಸಿದೆವು. ಈಗ ಸರಿಯಾಗಿದೆ. ಇವತ್ತು ಮಧ್ಯಾಹ್ನ ಸಾರು ನಾನು ಮಾಡಿದೆ. ಟೊಮೆಟೊ ಸಾರು. ತೊಗರಿಬೇಳೆ ಕಟ್ಟು ಎಷ್ಟು ಅನ್ನುವುದೊಂದನ್ನ ಅವಳನ್ನ ಕೇಳಿದೆ, ಉಳಿದದ್ದು ಕೇಳಲಿಲ್ಲ.

ಶನಿವಾರ ಬೆಳಿಗ್ಗೆ ಇನ್ನೂರು ಪುಟದ ನೋಟ್‌ಬುಕ್ ಒಂದು ತಂದೆ. ಬೆಡ್‌ಶೀಟು ಮಡಿಸುತ್ತಾ ಶುರು ಮಾಡಿದೆವು. ಅದು ಇಬ್ಬರೇ ಮಾಡುವ ಕೆಲಸ, ಅಲ್ವಾ? ಆ ಎರಡು ಮೂಲೆ ಅವಳು, ಈ ಎರಡು ಮೂಲೆ ನಾನು. ಒಂದು ಸಲ ಕೊಡವಿ, ಎದುರಾಬದುರು ನಡೆದು ಬಂದು ಮೂಲೆಗೆ ಮೂಲೆ ಸೇರಿಸಿ ಅವಳ ಕೈಗೆ ಕೊಡುವುದು, ಬಗ್ಗಿ ಕೆಳಗಿನ ಮಡಿಕೆ ಹಿಡಿಯುವುದು. ಮಡಿಸಿದಷ್ಟೂ ಹತ್ತಿರ ಬರುತ್ತೇವೆ. ಪ್ರತಿ ಬೆಡ್‌ಶೀಟು ಮುಗಿದಾಗ ಅವಳು ಒಂದು ವಿಷಯ ಹೇಳಿದಳು, ನಾನು ಬರೆದುಕೊಂಡೆ. ಬೆಡ್‌ಶೀಟು ಮುಗಿದರೂ ವಿಷಯ ಮುಗಿಯಲಿಲ್ಲ.

ವಾಟರ್ ಫಿಲ್ಟರಿನ ಕ್ಯಾಂಡಲ್ ಯಾವಾಗ ಬದಲಾಯಿಸಿದ್ದು. ಕುಕ್ಕರ್ ಗ್ಯಾಸ್ಕೆಟ್ ಯಾವ ಅಳತೆ. ಗ್ಯಾಸ್ ನಮಗೆ 42 ದಿನ ಬರುತ್ತದೆ, 35ನೇ ದಿನಕ್ಕೆ ಬುಕ್ ಮಾಡಬೇಕು. ತೊಗರಿಬೇಳೆಗೆ ಹುಳ ಬಾರದ ಹಾಗೆ ಬಿಸಿಲು ತೋರಿಸಿ, ಹರಳೆಣ್ಣೆ ಸವರಿ ಇಡಬೇಕು. ನನ್ನ ಅಮ್ಮನ ಬಿಪಿ ಮಾತ್ರೆ ತಿಂಗಳ 20ಕ್ಕೆ ಮುಗಿಯುತ್ತದೆ, 17ಕ್ಕೇ ಊರಿಗೆ ಕಳಿಸಬೇಕು. ನನ್ನ ಅಮ್ಮನ ಮಾತ್ರೆ. ಆರು ವರ್ಷದಿಂದ ಅವಳೇ ಕಳಿಸುತ್ತಿದ್ದಾಳೆ. ಅಮ್ಮ ಪ್ರತಿ ಸಲ ನನ್ನ ಹತ್ತಿರ "ಮಾತ್ರೆ ಬಂತಪ್ಪ" ಅನ್ನುತ್ತಿದ್ದರು, ನಾನು "ಸರಿ" ಅನ್ನುತ್ತಿದ್ದೆ.

ಒಟ್ಟು 43 ವಿಷಯ ಆಯಿತು. ಅದರಲ್ಲಿ ನನಗೆ ಗೊತ್ತಿದ್ದದ್ದು 11. ಕಲ್ಲೊರಳು ಅವರೇ, ನೀವು ಕೇಳಿದ್ದಕ್ಕೆ ಉತ್ತರ ಇದು. ಮನೆ ನನಗೆ ಗೊತ್ತಿರಲಿಲ್ಲ. ನಿಮ್ಮ ಯಜಮಾನರ ದಾರಿ ನನಗೂ ಸರಿ ಅನ್ನಿಸಿತು. 43ರಲ್ಲಿ 20 ವಿಷಯ ಮೊದಲಿಂದ ಕೊನೆಯವರೆಗೆ ನನ್ನದು. ಮಾತ್ರೆ ಅದರಲ್ಲಿ ಮೊದಲನೆಯದು. ಮೇ 17ರ ಚೌಕದಲ್ಲಿ ಬರೆದಿದ್ದೇನೆ, ನನ್ನ ಅಕ್ಷರದಲ್ಲೇ.

ಬೆಳಗಿನ ಪಾಳಿಯವರಿಗೆ ವಿಶೇಷ ಧನ್ಯವಾದ. ನಾವು ಅವತ್ತು ಮುಚ್ಚಳ ತೆಗೆದ ಕೂಡಲೇ ಇಳಿದಿದ್ದೆವು. ಇನ್ನು ಹಾಗೆ ಮಾಡುವುದಿಲ್ಲ.

ಮೇಷ್ಟ್ರೇ, ನಿಮ್ಮ ಕೊನೆಯ ಎರಡು ಸಾಲು ಓದಿದ ರಾತ್ರಿಯೇ ಅವಳಿಗೆ "ಹೋಗು" ಅಂದೆ. ಬಾಯಿ ಬಿಟ್ಟು, ಆ ಮಾತಿನಲ್ಲೇ. ಅವಳು ಅರ್ಜಿ ಹಾಕಿದ್ದಾಳೆ. ಪರೀಕ್ಷೆ ಜುಲೈನಲ್ಲಿ. ಪಾಸಾದರೆ ಯಾವ ಊರೋ ಗೊತ್ತಿಲ್ಲ, ಎರಡನೇ ನಾಲ್ಕನೇ ಶನಿವಾರ ಒಬ್ಬರು ಬಸ್ಸು ಹತ್ತಬೇಕಾಗುತ್ತದೆ. ಹೆಚ್ಚಾಗಿ ನಾನೇ ಹತ್ತುತ್ತೇನೆ.

ಪುಡಿಯನ್ನ ಎರಡು ಡಬ್ಬಕ್ಕೆ ತುಂಬಿದೆವು. ಅತ್ತೆಯ ಹೆಸರು ಕೊರೆಸಿದ ಸ್ಟೀಲ್ ಡಬ್ಬ ಅವಳಿಗೆ. ಇನ್ನೊಂದರ ಮೇಲೆ ಹೆಸರಿಲ್ಲ. ನಾಳೆ ಪಾತ್ರೆ ಅಂಗಡಿಗೆ ಒಯ್ದು ನನ್ನ ಹೆಸರು ಕೊರೆಸಿಕೊಂಡು ಬಾ ಅಂದಿದ್ದಾಳೆ.